ಬಚ್ಚಲಿನ ಪೈಪಿಗೆ ಗಾಳಿಯ ದಾರಿ

ಕಮೋಡಿನ ಫ್ಲಶ್ ಒತ್ತಿದರೆ ಎದುರು ಗೋಡೆಯ ವಾಶ್ ಬೇಸಿನ್ ‘ಗುಳುಗುಳು’ ಎನ್ನುತ್ತಿತ್ತು. ಐದು ವರ್ಷ ಆ ಸದ್ದನ್ನು ಕೇಳಿಸಿಕೊಂಡೇ ಇದ್ದೆವು. ಮನೆ ಅಂದಮೇಲೆ ಒಂದಲ್ಲ ಒಂದು ಸದ್ದು ಇದ್ದದ್ದೇ ಎಂದು ಬಿಟ್ಟುಬಿಟ್ಟಿದ್ದೆವು. ಸುಮ್ಮನಿರಲು ಬಿಡದೇ ಇದ್ದದ್ದು ವಾಸನೆ. ಬೆಳಗ್ಗೆ ಎಲ್ಲರೂ ಒಬ್ಬರ ಹಿಂದೊಬ್ಬರು ಬಚ್ಚಲು ಬಳಸಿದ ಮೇಲೆ, ಎಕ್ಸಾಸ್ಟ್ ಫ್ಯಾನ್ ಓಡುತ್ತಿರುವಾಗ, ಇನ್ನು ಕೆಲವು ವಾರ ಮನೆಗೆ ಬೀಗ ಹಾಕಿ ಹೋಗಿ ಬಂದ ದಿನ, ಈ ಮೂರು ಹೊತ್ತಿನಲ್ಲಿ ಕೊಳೆತ ಮೊಟ್ಟೆಯಂಥ ನಾತ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆಯುತ್ತಿತ್ತು. ಉಳಿದ ಹೊತ್ತಿನಲ್ಲಿ ಏನೂ ಇಲ್ಲ ಎಂದೇ ಅಂದುಕೊಂಡಿದ್ದೆವು. ಆ ಹೊತ್ತಿನಲ್ಲಿ ಬಂದ ನೆಂಟರು ಮೂಗು ಮುಚ್ಚಿಕೊಂಡರೂ ನಮಗೆ ಗೊತ್ತಾಗದಷ್ಟು ಅಭ್ಯಾಸವಾಗಿತ್ತು ಎಂಬುದು ಈಗ ನೆನೆದರೆ ಹೆದರಿಕೆಯ ಸಂಗತಿ.

ಯಾರನ್ನು ಕೇಳಿದರೂ ಉತ್ತರ ಒಂದೇ: ತೊಳೆಯಿರಿ. ತೊಳೆದೆವು. ಸುವಾಸನೆಯ ದ್ರಾವಣ ಸುರಿದೆವು. ಬೇಸಿನ್ ಕೆಳಗಿನ ಬಾಟಲ್ ಟ್ರ್ಯಾಪ್, ಅಂದರೆ ಸ್ವಲ್ಪ ನೀರು ಹಿಡಿದಿಟ್ಟು ವಾಸನೆ ತಡೆಯುವ ಬಟ್ಟಲನ್ನು, ಎರಡು ಸಲ ಬದಲಾಯಿಸಿದೆವು. ನೆಲದ ಜಾಲರಿ ತೆಗೆದು ಹೊಸದು ಕೂರಿಸಿದೆವು. ಪ್ರತಿ ಸಲವೂ ವಾರದ ಮಟ್ಟಿಗೆ ಸರಿಹೋದಂತೆ ಕಂಡು ಮತ್ತೆ ಅದೇ ಕತೆ. ಕೊನೆಗೆ ಟೈಲ್ಸ್ ಹಳೆಯದಾಯಿತು, ಗೋಡೆಯಲ್ಲಿ ತೇವ ಕಾಣಿಸಿತು, ಬಚ್ಚಲನ್ನೇ ಪೂರ್ತಿ ಒಡೆದು ಹೊಸದಾಗಿ ಮಾಡೋಣ ಎಂದು ತೀರ್ಮಾನವಾಯಿತು. ಟೈಲ್ಸಿನ ಬಣ್ಣದ ಬಗ್ಗೆ ಮನೆಯಲ್ಲಿ ತಿಂಗಳುಗಟ್ಟಲೆ ಮಾತು ನಡೆಯಿತು. ಪೈಪಿನ ಬಗ್ಗೆ ಒಂದು ಸಂಜೆಯೂ ಕೂತು ಮಾತಾಡಲಿಲ್ಲ. ಒಡೆಯುವುದಕ್ಕೆ ಒಂದು ವಾರ ಇದ್ದಾಗ ನನಗೇ ತಡೆಯಲಾಗದೆ ಒಂದು ಪರೀಕ್ಷೆ ಮಾಡಿದೆ. ಇಡೀ ಕೆಲಸದ ದಿಕ್ಕು ಬದಲಾದದ್ದು ಅದರಿಂದ.

ಮಾಡಿದ್ದು ಇಷ್ಟೇ. ಸ್ನಾನದ ಜಾಗದ ಫ್ಲೋರ್ ಟ್ರ್ಯಾಪಿನ ಜಾಲರಿ ಎತ್ತಿ, ಒಂದು ಬಕೆಟ್ ನೀರು ಸುರಿದು, ನೀರು ಸುಮ್ಮನಾದ ಮೇಲೆ ಟಾರ್ಚ್ ಬಿಟ್ಟು ಪ್ಲಾಸ್ಟಿಕ್ ಸ್ಕೇಲ್ ಇಳಿಸಿ ಮಟ್ಟವನ್ನು ಗುರುತು ಹಾಕಿಕೊಂಡೆ. ಆಮೇಲೆ ಕಮೋಡಿನ ಫ್ಲಶ್ ಒತ್ತಿ ಬಂದು ನೋಡಿದೆ. ಟ್ರ್ಯಾಪಿನೊಳಗಿನ ನೀರು ಒಮ್ಮೆ ಕೆಳಕ್ಕೆ ಜಗ್ಗಿ, ಮೇಲೆದ್ದು, ತೂಗಾಡಿ ನಿಂತಿತು. ನಿಂತ ಮಟ್ಟ ಮೊದಲಿಗಿಂತ ಕೆಳಗಿತ್ತು. ಮೂರು ಸಲ ಫ್ಲಶ್ ಮಾಡಿದ ಮೇಲೆ 30 ಮಿ.ಮೀ. ಇಳಿದಿತ್ತು. ಆ ಟ್ರ್ಯಾಪಿನಲ್ಲಿ ಚರಂಡಿಯ ಗಾಳಿಯನ್ನು ತಡೆಯುವ ನೀರಿನ ಆಳ, ಅಂದರೆ ವಾಟರ್ ಸೀಲ್, ಇದ್ದದ್ದೇ 50 ಮಿ.ಮೀ. ಉಳಿದದ್ದು 20. ಬೇಸಿನ್ನಿನದು ಇನ್ನೂ ಕೆಟ್ಟದಾಗಿತ್ತು. ಬೇಸಿನ್ ತುಂಬಾ ನೀರು ತುಂಬಿಸಿ ಬಿರಡೆ ಎಳೆದೆ. ನೀರು ರಭಸದಿಂದ ಇಳಿದು ಕೊನೆಯಲ್ಲಿ ಸೊರ್ರನೆ ಎಳೆದ ಸದ್ದು ಬಂತು. ಟ್ರ್ಯಾಪಿನ ತಳದ ಬಟ್ಟಲನ್ನು ತಿರುಗಿಸಿ ಬಿಚ್ಚಿದರೆ ಅದರಲ್ಲಿ ಬೆರಳು ಮುಳುಗುವಷ್ಟೂ ನೀರಿರಲಿಲ್ಲ.

ಅಲ್ಲಿಗೆ ಐದು ವರ್ಷದ ಫಿನಾಯಿಲಿನ ಲೆಕ್ಕ ಮುಗಿಯಿತು. ನಮ್ಮ ಬಚ್ಚಲು ಕೊಳಕಾಗಿರಲಿಲ್ಲ. ಚರಂಡಿಗೂ ನಮಗೂ ನಡುವೆ ಇರಬೇಕಾದ ನೀರಿನ ಬಾಗಿಲು ದಿನವೂ ತೆರೆದುಕೊಳ್ಳುತ್ತಿತ್ತು.

ಪೈಪನ್ನು ಬಗ್ಗಿಸಿ ಅದರ ಹೊಟ್ಟೆಯಲ್ಲಿ ಸ್ವಲ್ಪ ನೀರು ನಿಲ್ಲಿಸಿ ವಾಸನೆ ತಡೆಯುವ ಉಪಾಯ ಹಳೆಯದು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಎಸ್ ಆಕಾರದ ಬಾಗು ಇರುವ ಕಕ್ಕಸಿಗೆ ಪೇಟೆಂಟ್ ಪಡೆದ. ಅಂದಿನಿಂದ ಇಂದಿನವರೆಗೂ ಆ ಬಾಗಿನಲ್ಲಿ ನಿಂತ ನೀರೇ ಕಾವಲುಗಾರ. ಆದರೆ ಆ ಕಾವಲುಗಾರನ ಬಲ ಎಷ್ಟು ಎಂದು ಲೆಕ್ಕ ಹಾಕಿದಾಗ ನನಗೆ ನಿಜಕ್ಕೂ ಗಾಬರಿಯಾಯಿತು. 50 ಮಿ.ಮೀ. ಎತ್ತರದ ನೀರು ತಡೆಯಬಲ್ಲ ಒತ್ತಡ ಸುಮಾರು 490 ಪಾಸ್ಕಲ್. ನಮ್ಮ ಸುತ್ತಲ ಗಾಳಿಯ ಒತ್ತಡ ಸುಮಾರು 1,01,000 ಪಾಸ್ಕಲ್. ಪೈಪಿನೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಇನ್ನೂರರಲ್ಲಿ ಒಂದು ಪಾಲು ಕಡಿಮೆಯಾದರೆ ಸಾಕು, ಸೀಲ್ ಒಡೆದುಹೋಗುತ್ತದೆ.

ಒತ್ತಡ ಯಾಕೆ ಕಡಿಮೆಯಾಗುತ್ತದೆ? ಡ್ರೈನ್ ಪೈಪಿನಲ್ಲಿ ನೀರು ಮಾತ್ರ ಹರಿಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಪೈಪಿನ ಬಹುಪಾಲು ಯಾವಾಗಲೂ ಗಾಳಿಯೇ. ಫ್ಲಶ್ ಮಾಡಿದಾಗ ನೀರು ಲಂಬ ಪೈಪಿನ ಒಳಗೋಡೆಗೆ ಅಂಟಿಕೊಂಡು ಉಂಗುರದ ಹಾಗೆ ಜಾರುತ್ತದೆ, ನಡುವಿನಲ್ಲಿರುವ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಎಳೆದುಕೊಂಡು ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಬೇಕು. ಮೇಲೆ ಆಕಾಶಕ್ಕೆ ತೆರೆದ ದಾರಿಯಿದ್ದರೆ ಅಲ್ಲಿಂದ ಬರುತ್ತದೆ. ಇಲ್ಲದಿದ್ದರೆ ಹತ್ತಿರದಲ್ಲಿ ಯಾವ ಟ್ರ್ಯಾಪ್ ಸಿಗುತ್ತದೋ ಅದರ ನೀರನ್ನು ಸೀಳಿಕೊಂಡು ಬರುತ್ತದೆ. ನಮ್ಮ ಬೇಸಿನ್ನಿನ ಗುಳುಗುಳು ಅದೇ. ಪೈಪು ನಮ್ಮ ಬಚ್ಚಲಿನಿಂದ ಉಸಿರು ಎಳೆದುಕೊಳ್ಳುತ್ತಿತ್ತು. ಎಳೆದುಕೊಂಡ ಮೇಲೆ ಸೀಲಿನಲ್ಲಿ ನೀರಿಲ್ಲ, ಹಾಗಾಗಿ ಆಮೇಲೆ ಅದೇ ದಾರಿಯಲ್ಲಿ ಚರಂಡಿಯ ಗಾಳಿ ಒಳಗೆ. ಆ ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡಿಗೆ ಮೂಗನ್ನು ಮರಗಟ್ಟಿಸುವ ಗುಣವಿದೆ, ಪ್ರಮಾಣ ಹೆಚ್ಚಾದರೆ ವಾಸನೆಯೇ ತಿಳಿಯದಂತಾಗುತ್ತದೆ. ಜೊತೆಗಿರುವ ಮೀಥೇನಿಗಂತೂ ವಾಸನೆಯೇ ಇಲ್ಲ. ‘ನಮಗೇನೂ ನಾತ ಬರುತ್ತಿಲ್ಲವಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ.

ಗೋಡೆ ಒಡೆದ ದಿನ ಉಳಿದದ್ದೂ ಬಯಲಾಯಿತು. ನಮಗಿಂತ ಮುಂಚೆ ಇದ್ದವರು ಯಾವಾಗಲೋ ಬೇಸಿನ್ನನ್ನು ಲಂಬ ಪೈಪಿನ ಪಕ್ಕದಿಂದ ಎದುರು ಗೋಡೆಗೆ ಸ್ಥಳಾಂತರಿಸಿದ್ದರು. ಬೇಸಿನ್ನಿನ ಪೈಪು ಗೋಡೆಯೊಳಗೆ ಹೊಕ್ಕ ಕೂಡಲೇ ಒಂದು ಎಲ್ಬೋ ತಿರುಗಿ ನೇರ ಕೆಳಕ್ಕೆ ಇಳಿದು, ನೆಲದಡಿಯಲ್ಲಿ ಮೂರು ಮೀಟರಿನಷ್ಟು ಹೋಗಿ ಕಮೋಡಿನ ಪೈಪಿಗೆ ಸೇರಿತ್ತು. ಹೊರಗೆ ನೋಡಿದರೆ ಒಳ್ಳೆಯ ಟ್ರ್ಯಾಪ್. ಆದರೆ ಗೋಡೆಯ ಹಿಂದೆ ಪೈಪು ಕೆಳಗೆ ತಿರುಗಿದ್ದರಿಂದ, ಮೇಲಿನಿಂದ ಗಾಳಿ ಬರುವ ದಾರಿ ಇಲ್ಲದ್ದರಿಂದ, ಅದು ಕೆಲಸದಲ್ಲಿ ಎಸ್ ಟ್ರ್ಯಾಪೇ ಆಗಿತ್ತು. ತುಂಬಿ ಇಳಿಯುವ ನೀರು ಸೈಫನ್ ಆಗಿ ತನ್ನ ಬಾಲವನ್ನೂ ತಾನೇ ಎಳೆದುಕೊಂಡು ಹೋಗುತ್ತಿತ್ತು. ಎಸ್ ಟ್ರ್ಯಾಪ್ ಬೇಡ ಎಂದು ಹೇಳುವವರು ಬಹಳ ಜನ. ಅಡ್ಡಕ್ಕೆ ಗೋಡೆಯೊಳಗೆ ಹೋಗುವ ಪಿ ಟ್ರ್ಯಾಪನ್ನು ಗೋಡೆಯೊಳಗೆ ಎಸ್ ಮಾಡಿಬಿಡಬಹುದು ಎಂಬುದನ್ನು ನಾನು ಕಣ್ಣಾರೆ ಕಂಡ ಮೇಲೇ ಅರ್ಥ ಮಾಡಿಕೊಂಡದ್ದು.

ಹಾಗಾದರೆ ಲಂಬ ಪೈಪಿನ ತಲೆ ಎಲ್ಲಿದೆ ಎಂದು ಪ್ಲಂಬರ್ ಜೊತೆ ತಾರಸಿಗೆ ಹತ್ತಿದೆ. ಕಾಣಲಿಲ್ಲ. ಪೈಪುಗಳು ಹಾದುಹೋಗುವ ಡಕ್ಟಿನ ನೇರಕ್ಕೆ ಅಳೆದು ಹುಡುಕಿದಾಗ ಸಿಮೆಂಟಿನಲ್ಲಿ ಒಂದು ದುಂಡನೆಯ ಉಬ್ಬು ಸಿಕ್ಕಿತು. ತಾರಸಿಗೆ ವಾಟರ್ ಪ್ರೂಫಿಂಗ್ ಮಾಡಿಸಿದಾಗ ಪೈಪಿನ ಸುತ್ತ ನೀರು ಸೋರುತ್ತದೆ ಎಂದು ಅದನ್ನು ನೆಲಮಟ್ಟಕ್ಕೆ ಕತ್ತರಿಸಿ, ಬಾಯಿಗೆ ಗಾರೆ ತುಂಬಿಸಿ ನುಣ್ಣಗೆ ತೇಪೆ ಹಾಕಿದ್ದರು. ಮಾಡಿದವರು ಅದನ್ನು ಬೇಡದ ತುಂಡು ಪೈಪು ಎಂದುಕೊಂಡಿರಬೇಕು. ಅದರಿಂದ ಯಾವ ನೀರೂ ಬರುವುದಿಲ್ಲ, ಯಾವ ನಲ್ಲಿಗೂ ಸೇರಿಲ್ಲ. ವೆಂಟ್ ಪೈಪಿನ, ಅಂದರೆ ಗಾಳಿಗೆಂದೇ ಇರುವ ಪೈಪಿನ, ದುರದೃಷ್ಟವೇ ಇದು: ಕೆಲಸ ಮಾಡುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಉಳಿ ಇಟ್ಟು ಗಾರೆ ಒಡೆದಾಗ ಒಳಗಿನಿಂದ ಬಿಸಿ ಗಾಳಿ ಭುಸ್ಸನೆ ಬಂತು. ಕೆಳಗೆ ಹೋಗಿ ಫ್ಲಶ್ ಮಾಡಲು ಹೇಳಿ, ಆ ಬಾಯಿಯ ಮೇಲೆ ಒಂದು ತೆಳು ಕಾಗದ ಹಿಡಿದೆ. ಕಾಗದ ಪೈಪಿಗೆ ಅಂಟಿಕೊಂಡಿತು. ಅಷ್ಟು ಬಲವಾದ ಎಳೆತವನ್ನು ಇಷ್ಟು ವರ್ಷ ಎರಡು ಅಂಗುಲದ ನೀರು ಹೊತ್ತುಕೊಂಡಿತ್ತು.

ಆ ರಾತ್ರಿ ಕೂತು ಹೊಸ ಪೈಪುಗಳ ನಕ್ಷೆ ಬರೆದೆ. ಸ್ಟ್ಯಾಕಿನ, ಅಂದರೆ ಆ ಲಂಬ ಪೈಪಿನ, ತಲೆ ತೆರೆದರೆ ಅರ್ಧ ಸಮಸ್ಯೆ ಹೋಗುತ್ತದೆ, ಆದರೆ ದೂರದ ಬೇಸಿನ್ನಿಗೆ ಅದು ಸಾಲದು. ಟ್ರ್ಯಾಪಿನಿಂದ ಗಾಳಿ ಸಿಗುವ ಜಾಗದವರೆಗೆ ಅಡ್ಡ ಪೈಪು ಎಷ್ಟು ಉದ್ದ ಇರಬಹುದು ಎಂಬುದಕ್ಕೆ ಒಂದು ಸರಳ ತರ್ಕವಿದೆ. ಡ್ರೈನಿಗೆ ಸಾಮಾನ್ಯವಾಗಿ ಕೊಡುವ ವಾಟ, ಅಂದರೆ ಇಳಿಜಾರು, ಮೀಟರಿಗೆ 20 ಮಿ.ಮೀ. 40 ಮಿ.ಮೀ. ಪೈಪು ಆ ವಾಟದಲ್ಲಿ 2 ಮೀಟರ್ ಹೋದರೆ ತನ್ನ ವ್ಯಾಸದಷ್ಟೇ ಕೆಳಗಿಳಿದಿರುತ್ತದೆ. ಅಂದರೆ ಆ ತುದಿಯಲ್ಲಿ ಪೈಪಿನ ನೆತ್ತಿ, ಟ್ರ್ಯಾಪಿನ ಕಡೆಯ ಪೈಪಿನ ತಳಕ್ಕೆ ಸಮವಾಗುತ್ತದೆ. ಅಲ್ಲಿಂದ ಮುಂದೆ ಗಾಳಿ ನೀರಿನ ಮೇಲೆ ಹಿಂದಕ್ಕೆ ಬರಲು ಸಂದೇ ಉಳಿಯುವುದಿಲ್ಲ, ಸೈಫನ್ ಶುರುವಾಗುತ್ತದೆ. ಆದ್ದರಿಂದ ಅದಕ್ಕೆ ಮೊದಲೇ ಗಾಳಿಯ ಪೈಪು ಸಿಗಬೇಕು. ಕೆಲವು ಕಡೆಯ ನಿಯಮಗಳು ಇದಕ್ಕಿಂತ ಇನ್ನೂ ಬಿಗಿ, ಒಂದು ಮೀಟರಿನ ಆಸುಪಾಸಿಗೇ ನಿಲ್ಲಿಸುತ್ತವೆ. ವಾಟ ಜಾಸ್ತಿ ಕೊಟ್ಟರೆ ಒಳ್ಳೆಯದಲ್ಲವೇ ಎಂದು ನಾನೂ ಅಂದುಕೊಂಡಿದ್ದೆ. ಟ್ರ್ಯಾಪಿಗೂ ವೆಂಟಿಗೂ ನಡುವೆ ವಾಟ ಹೆಚ್ಚಾದಷ್ಟೂ ಆ ಸಂದು ಬೇಗ ಮುಚ್ಚುತ್ತದೆ ಎಂಬುದು ಚಿತ್ರ ಬರೆದಾಗಲೇ ಹೊಳೆದದ್ದು.

ಹೀಗಾಗಿ ಬೇಸಿನ್ನಿನ ಪೈಪು ಗೋಡೆ ಹೊಕ್ಕುವ ಜಾಗದಲ್ಲೇ ಎಲ್ಬೋ ಬದಲು ಮೂರು ಬಾಯಿಯ ಟೀ ಫಿಟ್ಟಿಂಗ್. ಕೆಳಗಿನ ಕಾಲು ನೀರಿಗೆ, ಮೇಲಿನ ಕಾಲು ಗಾಳಿಗೆ. ಮೇಲೆ ಹೋದ 50 ಮಿ.ಮೀ. ವೆಂಟ್ ಗೋಡೆಯ ಉದ್ದಕ್ಕೂ ಹೋಗಿ ಡಕ್ಟಿನಲ್ಲಿರುವ ಸ್ಟ್ಯಾಕಿಗೆ ಸೇರಬೇಕು. ಸ್ನಾನದ ಟ್ರ್ಯಾಪಿಗೆ ಪ್ರತ್ಯೇಕ ವೆಂಟ್ ಹಾಕಲು ಜಾಗ ಇರಲಿಲ್ಲ. ಅದನ್ನು ಕಮೋಡಿನ ಪೈಪಿನಿಂದ ಬಿಡಿಸಿ, 90 ಸೆಂ.ಮೀ. ದೂರದಲ್ಲಿ ಬೇಸಿನ್ನಿನ ಡ್ರೈನಿಗೆ ಸೇರಿಸಿದೆವು. ಬೇಸಿನ್ನಿನ ನೀರು ಇಳಿಯುವ ಪೈಪೇ ಸ್ನಾನದ ಟ್ರ್ಯಾಪಿಗೆ ಗಾಳಿಯನ್ನೂ ಒದಗಿಸುತ್ತದೆ. ಇದಕ್ಕೆ ವೆಟ್ ವೆಂಟ್ ಎನ್ನುತ್ತಾರೆ. ಪೈಪಿನ ಅಳತೆಯನ್ನು ಅದಕ್ಕೆ ತಕ್ಕಂತೆ ಒಂದು ಹಂತ ದೊಡ್ಡದು ಮಾಡಬೇಕು, ಕಮೋಡು ಈ ಸಾಲಿನಲ್ಲಿ ಕಟ್ಟಕಡೆಗೆ ಸೇರಬೇಕು. ಕಮೋಡಿನ ರಭಸ ಬೇರೆಯವರ ಗಾಳಿಯ ದಾರಿಯ ಮೂಲಕ ಹಾಯಬಾರದು, ಅಷ್ಟೇ ಅದರ ಮರ್ಮ.

ಪ್ಲಂಬರ್ ಒಂದು ಸುಲಭದ ದಾರಿ ಸೂಚಿಸಿದರು: ಬೇಸಿನ್ ಕೆಳಗೆ ಏರ್ ಅಡ್ಮಿಟೆನ್ಸ್ ವಾಲ್ವ್ ಹಾಕಿಬಿಡೋಣ, ಗೋಡೆಯ ಉದ್ದಕ್ಕೂ ಪೈಪು ಎಳೆಯುವ ಗೋಜೇ ಇಲ್ಲ. ಪೈಪಿನಲ್ಲಿ ಎಳೆತ ಹುಟ್ಟಿದಾಗ ತೆರೆದು ಗಾಳಿ ಒಳಗೆ ಬಿಟ್ಟು, ಎಳೆತ ನಿಂತಾಗ ತಾನೇ ಮುಚ್ಚಿಕೊಳ್ಳುವ ಕವಾಟ ಅದು. ಒಳ್ಳೆಯ ಸಾಧನ. ಬೇರೆ ದಾರಿಯೇ ಇಲ್ಲದ ಕಡೆ ನಾನೂ ಹಾಕಿಸುತ್ತೇನೆ, ನಿಯಮ ಒಪ್ಪುವ ಊರಾದರೆ. ಆದರೆ ಅದು ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ. ಪೈಪಿನಲ್ಲಿ ಒತ್ತಡ ಹೆಚ್ಚಾದಾಗ ಹೊರಗೆ ಬಿಡುವುದಿಲ್ಲ. ಲಂಬವಾಗಿ ಬಿದ್ದ ನೀರು ಸ್ಟ್ಯಾಕಿನ ಬುಡದಲ್ಲಿ ಅಡ್ಡಕ್ಕೆ ತಿರುಗುವಾಗ ವೇಗ ಕಳೆದುಕೊಂಡು ಗುಡ್ಡೆ ಕಟ್ಟಿ ಹಿಂದಿನ ಗಾಳಿಯನ್ನು ಒತ್ತುತ್ತದೆ. ಆ ಒತ್ತಡಕ್ಕೆ ಹೊರಹೋಗುವ ದಾರಿ ಬೇಕು. ಇನ್ನೊಂದು, ಕವಾಟದ ರಬ್ಬರು ಒಂದು ದಿನ ಹಳೆಯದಾಗುತ್ತದೆ, ಬದಲಿಸಲು ಕೈಗೆ ಸಿಗುವ ಜಾಗದಲ್ಲಿರಬೇಕು. ಗೋಡೆ ಒಡೆದು ಕೂತಿರುವಾಗ ಚಲಿಸುವ ಭಾಗವೇ ಇಲ್ಲದ ಒಂದು ಖಾಲಿ ಪೈಪನ್ನು ಹಾಕಿಸಿಕೊಳ್ಳುವುದೇ ಮೇಲು ಎಂದು ನಾನು ಹಟ ಹಿಡಿದೆ.

ಈ ಹಟವೇ ಮರುದಿನ ಜಗಳಕ್ಕೆ ಕಾರಣವಾಯಿತು. ನಾನು ಮಧ್ಯಾಹ್ನ ಬಂದು ನೋಡುವಷ್ಟರಲ್ಲಿ ವೆಂಟ್ ಪೈಪು ಹಾಕಿ ಮುಗಿದಿತ್ತು. ಆದರೆ ಗೋಡೆಯಲ್ಲಿ ಮೇಲೆ ಹೋಗುವ ಬದಲು ನೆಲದಡಿಯ ಡ್ರೈನಿನ ಪಕ್ಕದಿಂದ ಅಡ್ಡಕ್ಕೆ ಹೊರಟು, ನೆಲದಲ್ಲೇ ಮಲಗಿ, ಡಕ್ಟಿನ ಹತ್ತಿರ ಮೇಲಕ್ಕೆದ್ದಿತ್ತು. ‘ಗಾಳಿ ತಾನೇ ಸಾರ್, ಎಲ್ಲಿಂದಾದರೂ ಹೋಗುತ್ತೆ’ ಎಂದರು. ಗಾಳಿ ಹೋಗುತ್ತದೆ, ನಿಜ. ತೊಂದರೆ ನೀರಿನದು. ಡ್ರೈನ್ ಸ್ವಲ್ಪ ಕಟ್ಟಿಕೊಂಡರೂ ಕೊಳಕು ನೀರು ಆ ಮಲಗಿದ ವೆಂಟಿನೊಳಗೆ ನುಗ್ಗುತ್ತದೆ. ಡ್ರೈನ್ ಪೈಪನ್ನು ಮುಂದಿನ ನೀರು ತೊಳೆಯುತ್ತದೆ, ವೆಂಟನ್ನು ತೊಳೆಯಲು ಯಾವ ನೀರೂ ಬರುವುದಿಲ್ಲ. ಕೂದಲು, ಸೋಪಿನ ಜಿಡ್ಡು ಅಲ್ಲೇ ಕೂತು ಒಣಗಿ ಒಂದೆರಡು ವರ್ಷದಲ್ಲಿ ದಾರಿ ಮುಚ್ಚುತ್ತದೆ. ಮುಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ನೀರು ಹರಿಯುತ್ತಲೇ ಇರುತ್ತದೆ. ಅದಕ್ಕೇ ವೆಂಟ್ ಡ್ರೈನಿನ ನೆತ್ತಿಯ ಕಡೆಯಿಂದ, ನೇರ ಮೇಲಕ್ಕೆ ಅಥವಾ ಹೆಚ್ಚೆಂದರೆ 45 ಡಿಗ್ರಿ ಓರೆಯಾಗಿ ಏಳಬೇಕು. ಬೇಸಿನ್ನಿನ ಅಂಚಿಗಿಂತ 150 ಮಿ.ಮೀ. ಮೇಲೆ ಹೋಗುವವರೆಗೆ ಅಡ್ಡಕ್ಕೆ ತಿರುಗಬಾರದು. ಆಗ ಡ್ರೈನ್ ಕಟ್ಟಿಕೊಂಡರೆ ನೀರು ಬೇಸಿನ್ನಿನಲ್ಲಿ ಉಕ್ಕಿ ಕಣ್ಣಿಗೆ ಕಾಣುತ್ತದೆಯೇ ಹೊರತು ಕಳ್ಳದಾರಿಯಾಗಿ ವೆಂಟಿಗೆ ಹರಿಯುವುದಿಲ್ಲ.

ಇದನ್ನು ನಾನು ಬಾಯಲ್ಲಿ ಹೇಳಿದಾಗ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಕೋಪ ನನಗೆ ಅರ್ಥವಾಗುತ್ತದೆ. ಅರ್ಧ ದಿನದ ಕೆಲಸ, ಅಂಟಿಸಿದ ಪಿವಿಸಿ, ಬಿಚ್ಚಲಾಗದು, ಕತ್ತರಿಸಿಯೇ ತೆಗೆಯಬೇಕು. ಕೊನೆಗೆ ಅವರನ್ನು ಕರೆದುಕೊಂಡು ಹೋಗಿ, ಹಿಂದಿನ ದಿನ ಕತ್ತರಿಸಿ ಹಾಕಿದ್ದ ಹಳೆಯ ಬೇಸಿನ್ ಪೈಪಿನ ತುಂಡನ್ನು ಎತ್ತಿ ತೋರಿಸಿದೆ. ನೀರು ದಿನವೂ ಓಡಾಡಿದ ಪೈಪಿನಲ್ಲೇ ಕಾಲು ಭಾಗ ಕರಿ ಜಿಡ್ಡು ಕಟ್ಟಿತ್ತು. ತೊಳೆಯುವ ನೀರೇ ಇಲ್ಲದ ಕಡೆ ಇದು ಹೇಗಿರಬಹುದು ಎಂದೆ. ಅವರು ಪೈಪನ್ನು ತಿರುಗಿಸಿ ನೋಡಿ, ಏನೂ ಮಾತಾಡದೆ ಗರಗಸ ತೆಗೆದುಕೊಂಡರು. ಆ ಅರ್ಧ ದಿನದ ಕೂಲಿಯನ್ನು ನಾನು ಬೇರೆಯಾಗಿ ಕೊಟ್ಟೆ. ಮೊದಲೇ ನಕ್ಷೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸದೇ ಇದ್ದದ್ದು ನನ್ನ ತಪ್ಪು. ಅಂದಿನಿಂದ ಪ್ರತಿ ಪೈಪೂ ಗೋಡೆಯ ಮೇಲೆ ಗೆರೆಯಾಗಿ ಬಂದ ಮೇಲೇ ಕತ್ತರಿಸಿದ್ದು.

ಗೆರೆ ಹಾಕುವಾಗ ಕಿಟಕಿ ಅಡ್ಡ ಬಂತು. ಬೇಸಿನ್ನಿನ ಅಂಚು ನೆಲದಿಂದ 850 ಮಿ.ಮೀ. ಅದಕ್ಕೆ 150 ಸೇರಿದರೆ 1000. ಕಿಟಕಿಯ ಚೌಕಟ್ಟಿನ ಕೆಳಗಂಚು 1100. ಈ 100 ಮಿ.ಮೀ. ಸಂದಿನಲ್ಲಿ 50ರ ಪೈಪು ಹಾಯಬೇಕು, ಅದೂ ಮಟ್ಟಸವಾಗಿ ಮಲಗಬಾರದು. ವೆಂಟಿನೊಳಗೆ ಆವಿ ಹನಿಗಟ್ಟಿ ನೀರಾಗುತ್ತದೆ, ಅದು ಡ್ರೈನಿನ ಕಡೆಗೆ ಮರಳಿ ಹರಿಯುವಂತೆ ವಾಟ ಇರಬೇಕು. ಎಲ್ಲಾದರೂ ಹೊಟ್ಟೆ ಜೋತುಬಿದ್ದರೆ ಅಲ್ಲಿ ನೀರು ನಿಂತು ಗಾಳಿಯ ದಾರಿಯಲ್ಲೇ ಹೊಸ ಟ್ರ್ಯಾಪ್ ತಯಾರಾಗುತ್ತದೆ. ಮೂರು ಮೀಟರಿಗೆ 30 ಮಿ.ಮೀ. ಏರಿಕೆ ಇಟ್ಟು ಲೆಕ್ಕ ಹಾಕಿದರೆ ಕಿಟಕಿಯ ಕೆಳಗೆ ಬೆರಳು ತೂರುವಷ್ಟು ಜಾಗ ಉಳಿಯಿತು. ಸರಿ ಎಂದರೆ ಈಗ ಮೇಸ್ತ್ರಿ ಒಪ್ಪಲಿಲ್ಲ. ಗೋಡೆಯಲ್ಲಿ ಅಡ್ಡಕ್ಕೆ ಮೂರು ಮೀಟರ್ ಕೊರೆದರೆ ಗೋಡೆಯ ಬಲವೇ ಹೋಗುತ್ತದೆ ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ಹಾಗಾಗಿ ಪೈಪನ್ನು ಗೋಡೆಯ ಮುಂದೆ ಕ್ಲ್ಯಾಂಪಿನಲ್ಲಿ ಕೂರಿಸಿ, ಅದರ ಮುಂದೆ ಕಿಟಕಿಯ ಮಟ್ಟದವರೆಗೆ ಒಂದು ತೆಳು ಗೋಡೆ ಎಬ್ಬಿಸಿದರು. ಬಚ್ಚಲಿನ ಅಗಲ ನಾಲ್ಕು ಅಂಗುಲ ಕಡಿಮೆಯಾಯಿತು, ಉದ್ದಕ್ಕೂ ಒಂದು ಕಟ್ಟೆ ಸಿಕ್ಕಿತು. ಈಗ ಮನೆಯವರ ಸೋಪು, ಬಾಚಣಿಗೆ ಎಲ್ಲವೂ ವೆಂಟ್ ಪೈಪಿನ ನೆತ್ತಿಯ ಮೇಲೇ ಇವೆ.

ಫಿಟ್ಟಿಂಗ್‌ಗಳ ವಿಷಯದಲ್ಲಿ ನನಗೆ ತಿಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೀರು ಬೀಳುವ ಟೀಗೆ ಒಳಗೆ ಕೆಳಮುಖವಾದ ಬಾಗು ಇರುತ್ತದೆ, ಅದನ್ನು ತಲೆಕೆಳಗು ಮಾಡಿ ಹಾಕಿದರೆ ನೀರು ಮೇಲಕ್ಕೆ ಚಿಮ್ಮುತ್ತದೆ. ವೆಂಟ್ ಸ್ಟ್ಯಾಕಿಗೆ ಸೇರುವ ಕಡೆ ಮಾತ್ರ ಅದೇ ಟೀಯನ್ನು ಉಲ್ಟಾ ಹಾಕುತ್ತಾರೆ, ಬಾಗು ಮೇಲ್ಮುಖವಾಗಿ. ನೆಲದಡಿಯಲ್ಲಿ ಅಡ್ಡ ಪೈಪಿಗೆ ಅಡ್ಡ ಪೈಪು ಸೇರುವಲ್ಲಿ ಟೀ ಬೇಡ, ಓರೆಯಾಗಿ ಸೇರುವ ವೈ ಆಕಾರದ ಫಿಟ್ಟಿಂಗ್ ಬೇಕು. ಸ್ಟ್ಯಾಕಿನ ಬುಡದಲ್ಲಿ ಒಂದು ಗಿಡ್ಡ ಎಲ್ಬೋ ಬದಲು 45ರ ಎರಡು ಬೆಂಡ್ ಹಾಕಿದರೆ ನೀರು ಮೆತ್ತಗೆ ತಿರುಗುತ್ತದೆ, ನಾನು ಮೇಲೆ ಹೇಳಿದ ಒತ್ತಡ ಅಷ್ಟು ಕಡಿಮೆಯಾಗುತ್ತದೆ.

ತಾರಸಿಯಲ್ಲಿ ಸ್ಟ್ಯಾಕನ್ನು ಎಷ್ಟು ಎತ್ತರಿಸಬೇಕು ಎಂಬ ಪ್ರಶ್ನೆ ಬಂತು. ಜನ ಓಡಾಡದ ಮಾಡಾದರೆ 150 ಮಿ.ಮೀ. ಸಾಕು. ನಮ್ಮಲ್ಲಿ ತಾರಸಿಯ ಮೇಲೆ ಕೂರುತ್ತೇವೆ, ಬಟ್ಟೆ ಒಣಹಾಕುತ್ತೇವೆ. ಹಾಗಿರುವ ಕಡೆ ತಲೆಗಿಂತ ಮೇಲಿರಬೇಕೆಂದು 2.1 ಮೀಟರ್ ಏರಿಸಿ ಗೋಡೆಗೆ ಕಟ್ಟಿದೆವು. ಪಕ್ಕದ ಕೋಣೆಯ ಕಿಟಕಿಯಿಂದ ಮೂರು ಮೀಟರ್ ದೂರ ಸಿಕ್ಕಿತು. ತುದಿಗೆ ಕೌಲ್ ಎಂಬ ತೂತುಗಳಿರುವ ಟೋಪಿ, ಹಕ್ಕಿ ಗೂಡು ಕಟ್ಟದಂತೆ. ತೂತಿನ ಸುತ್ತ ಸೋರಿಕೆಯ ಭಯ ನ್ಯಾಯವಾದದ್ದೇ, ಹಿಂದೆ ಅದನ್ನು ಮುಚ್ಚಿಸಿದ್ದೂ ಅದೇ ಭಯ. ಈ ಸಲ ಪೈಪಿನ ಸುತ್ತ ಸಣ್ಣ ಕಟ್ಟೆ ಕಟ್ಟಿ, ವಾಟರ್ ಪ್ರೂಫಿಂಗ್ ಪದರವನ್ನು ಪೈಪಿನ ಮೇಲೂ ಒಂದು ಗೇಣು ಹತ್ತಿಸಿದರು. ಪೈಪಿನ ಮೇಲೆ ‘ಗಾಳಿ ಪೈಪು, ಮುಚ್ಚಬಾರದು’ ಎಂದು ಬಣ್ಣದಲ್ಲಿ ಬರೆಸಿದ್ದೇನೆ. ನಮ್ಮ ನಂತರ ಈ ಮನೆಗೆ ಬರುವವರಿಗೆ ಅದೊಂದೇ ಸಾಲು ಸಾಕು.

ಟೈಲ್ಸ್ ಹಾಕುವ ಮುಂಚೆ ನೀರಿನ ಪರೀಕ್ಷೆ ಮಾಡಿಸಲೇಬೇಕು ಎಂದಾಗ ಎಲ್ಲರಿಗೂ ಬೇಸರವಾಗಿತ್ತು. ಕೆಲಸ ಒಂದು ದಿನ ಹಿಂದೆ ಬೀಳುತ್ತದೆ. ಕೆಳಗಿನ ತುದಿಗೆ ಗಾಳಿ ತುಂಬುವ ಪ್ಲಗ್ ಹಾಕಿ, ಉಳಿದ ಬಾಯಿಗಳಿಗೆಲ್ಲ ಮುಚ್ಚಳ ಹಾಕಿ, ಸ್ಟ್ಯಾಕಿನಲ್ಲಿ ಪೈಪುಗಳಿಗಿಂತ 3 ಮೀಟರ್ ಮೇಲಿನವರೆಗೆ ನೀರು ತುಂಬಿಸಿದೆವು. ಕಾಲು ಗಂಟೆ ಮಟ್ಟ ಅಲುಗದೆ ನಿಲ್ಲಬೇಕು. ಐದೇ ನಿಮಿಷದಲ್ಲಿ ಇಳಿಯಿತು. ಟಾರ್ಚ್ ಹಿಡಿದು ಒಂದೊಂದು ಜಾಯಿಂಟನ್ನೂ ಒಣ ಬಟ್ಟೆಯಲ್ಲಿ ಒರೆಸುತ್ತ ಹೋದಾಗ, ಸ್ನಾನದ ಪೈಪು ಸೇರುವ ವೈ ಹತ್ತಿರ ಬಟ್ಟೆ ಒದ್ದೆಯಾಯಿತು. ಮೊದಲು ಅಂಟು ಹಚ್ಚದೆ ಜೋಡಿಸಿ ಪೆನ್ಸಿಲ್ ಗುರುತು ಹಾಕಿ, ಆಮೇಲೆ ಬಿಚ್ಚಿ ಅಂಟಿಸುವುದು ಕ್ರಮ. ಆ ಒಂದು ಜಾಯಿಂಟಿಗೆ ಸಾಲ್ವೆಂಟ್ ಸಿಮೆಂಟ್ ಹಚ್ಚುವುದೇ ಮರೆತುಹೋಗಿತ್ತು. ಬಿಗಿಯಾಗಿ ಕೂತಿದ್ದರಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಅದರ ಮೇಲೆ ಕಾಂಕ್ರೀಟು, ಟೈಲ್ಸು ಎಲ್ಲ ಬಿದ್ದ ಮೇಲೆ ಗೋಡೆಯ ತೇವದ ಕತೆ ಮತ್ತೆ ಶುರುವಾಗುತ್ತಿತ್ತು. ಅಂಟಿಸಿ ಮತ್ತೆ ತುಂಬಿಸಿದಾಗ ಗುರುತಿನ ಗೆರೆಯಲ್ಲೇ ನಿಂತ ನೀರನ್ನು ಪ್ಲಂಬರ್ ನನಗಿಂತ ಹೆಚ್ಚು ಹೊತ್ತು ನೋಡುತ್ತ ನಿಂತಿದ್ದರು. ಬೇರೆ ಕಡೆಯೂ ಇನ್ನು ಮೇಲೆ ಹೀಗೇ ತುಂಬಿಸಿ ನೋಡುತ್ತೇನೆ ಎಂದರು.

ಮೂರನೆಯ ನಾತ, ಬೀಗ ಹಾಕಿ ಹೋಗಿ ಬಂದಾಗಿನದು, ವೆಂಟಿನಿಂದ ಹೋಗುವಂಥದ್ದಲ್ಲ. ಬಳಸದ ಟ್ರ್ಯಾಪಿನ ನೀರು ಆವಿಯಾಗುತ್ತದೆ, ಅದಕ್ಕೆ ನೀರು ಸುರಿಯುವುದೊಂದೇ ಮದ್ದು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂದು ನನಗೆ ಅನ್ನಿಸಿದ್ದು 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ನಡೆದದ್ದನ್ನು ಓದಿದ ಮೇಲೆ. ಸಾರ್ಸ್ ರೋಗ ಅಲ್ಲಿ 300ಕ್ಕೂ ಹೆಚ್ಚು ನಿವಾಸಿಗಳಿಗೆ ಹರಡಿತು. ತನಿಖೆ ಮಾಡಿದವರು ಬೊಟ್ಟು ಮಾಡಿದ ಮುಖ್ಯ ಕಾರಣಗಳಲ್ಲಿ ಒಂದು, ಬಚ್ಚಲು ನೆಲದ ಟ್ರ್ಯಾಪುಗಳು ಒಣಗಿ ಹೋಗಿದ್ದದ್ದು. ಎಕ್ಸಾಸ್ಟ್ ಫ್ಯಾನುಗಳು ಆ ಒಣ ಟ್ರ್ಯಾಪುಗಳ ಮೂಲಕ ಚರಂಡಿಯ ಗಾಳಿಯನ್ನು ಮನೆಯೊಳಗೆ ಎಳೆದಿದ್ದವು. ನಮ್ಮ ಫ್ಯಾನೂ ಅದೇ ಕೆಲಸ ಮಾಡುತ್ತಿತ್ತು. ಬಾಗಿಲು ನೆಲಕ್ಕೆ ಒತ್ತಿ ಕೂರುತ್ತಿತ್ತು, ಹೊರಗೆ ತಳ್ಳಿದ ಗಾಳಿಯ ಬದಲು ಬೇರೆ ಗಾಳಿ ಬರಲು ಸಂದು ಇರಲಿಲ್ಲ. ಬಾಗಿಲಿನ ಕೆಳಗೆ 20 ಮಿ.ಮೀ. ಕತ್ತರಿಸಿದೆವು. ಇಡೀ ಕೆಲಸದಲ್ಲಿ ಇಷ್ಟು ಸುಲಭದ್ದು ಬೇರೆ ಇಲ್ಲ, ಹತ್ತು ನಿಮಿಷ ಹಿಡಿಯಿತು.

ಎಲ್ಲ ಮುಗಿದು, ಹೊಸ ಕಮೋಡು ಕೂತು, ಟೈಲ್ಸಿನ ಗ್ರೌಟ್ ಒಣಗಿದ ದಿನ ಸಂಜೆ ಮತ್ತೆ ಅದೇ ಸ್ಕೇಲು, ಅದೇ ಟಾರ್ಚು. ಜಾಲರಿ ಎತ್ತಿ ನೀರು ಸುರಿದು ಗುರುತು ಹಾಕಿಕೊಂಡೆ. ಮೂರು ಸಲ ಫ್ಲಶ್. ಟ್ರ್ಯಾಪಿನ ನೀರು ಬೆಳಕಿನಲ್ಲಿ ಸಣ್ಣಗೆ ನಡುಗಿ ನಿಂತಿತು. ಇಳಿದದ್ದು 2 ಮಿ.ಮೀ. ಬೇಸಿನ್ ತುಂಬಿಸಿ ಬಿರಡೆ ಎಳೆದೆ, ನೀರು ಮೊದಲಿಗಿಂತ ಬೇಗ ಇಳಿಯಿತು. ಕೊನೆಯ ಆ ಸೊರ್ರನೆ ಸದ್ದಿಗಾಗಿ ಕಿವಿಗೊಟ್ಟು ನಿಂತೆ. ಬರಲಿಲ್ಲ. ಗೋಡೆ ಮುಚ್ಚುವ ಮುಂಚೆ ತೆಗೆದ ಪೈಪುಗಳ ಫೋಟೋವನ್ನು, ಪಕ್ಕದಲ್ಲಿ ಟೇಪ್ ಹಿಡಿದು ಅಳತೆ ಕಾಣುವಂತೆ ತೆಗೆದದ್ದನ್ನು, ದೊಡ್ಡದಾಗಿ ಮುದ್ರಿಸಿ ಬೇಸಿನ್ ಕೆಳಗಿನ ಕಪಾಟಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೇನೆ.